ಕೈ ತೆಗೆದ ಮೇಲೂ ತಿರುಗಿದ ಚಕ್ರ

ಅಣ್ಣಾ, ನಿನ್ನ ಹೆಂಡತಿಯ, ನನ್ನ ವೈನಿಯ ಕಾಲು ಮುರಿದದ್ದು ನಿನ್ನ ಕೈಯಿಂದಲ್ಲ, ನನ್ನಿಂದ. ಅದು ನನಗೆ ಆ ಸಂಜೆಯೇ ಗೊತ್ತಾಗಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ನಿನ್ನ ಮನೆಯಲ್ಲೇ ಉಂಡುಕೊಂಡಿದ್ದೇನೆ.

ನಾಳೆ ನಿನ್ನೆದುರು ಹೇಳಬೇಕಾದ್ದನ್ನು ಈಗ ನನ್ನೊಳಗೇ ಹೇಳಿ ನೋಡುತ್ತಿದ್ದೇನೆ. ಅಡುಗೆಮನೆಯಲ್ಲಿ ವೈನಿ ಓಡಾಡುವುದು ಕೇಳುತ್ತದೆ — ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದು. ಆ ಸದ್ದು ನನ್ನ ಕೋಣೆಯ ಕಡೆ ತಿರುಗಿದರೆ ಸಾಕು, ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಇವರಿಗೆ ಗೊತ್ತಾಯಿತೇನೋ ಎಂದು.

ಆ ರವಿವಾರ ನಿನಗೆ ನೆನಪಿದೆ. ನಮ್ಮ ಜೈನರ ದಶಲಕ್ಷಣ ಪರ್ವ ಇನ್ನೂ ಶುರುವಾಗಿರಲಿಲ್ಲ. ನಾವು ಮೂವರು ರಾಯಬಾಗದಿಂದ ಚಿಕ್ಕೋಡಿ ಹತ್ತಿರದ ಆ ಹೊಲಕ್ಕೆ ರಿಮೋಟ್ ಕಾರಿನ ರೇಸಿಗೆ ಹೋಗಿದ್ದೆವು. ಹಿಂದಿನ ದಿನದಿಂದ ಜಿಟಿಜಿಟಿ ಮಳೆ. ಟ್ರ್ಯಾಕಿಗೆ ಗರಸು ಹಾಕಿದ್ದರೂ ಕೆಳಗಿನ ಎರೆಮಣ್ಣು ಮೇಲೆದ್ದು ಸಾಬೂನು ಹಚ್ಚಿದಂತೆ ಜಾರುತ್ತಿತ್ತು. ಅಂಚಿಗೆ ತಡೆಯೆಂದು ಇದ್ದದ್ದು ಕಬ್ಬಿನ ಹೊಲದ ಹಳೆಯ ಡ್ರಿಪ್ ಪೈಪು, ಅಷ್ಟೇ.

ಬೈಕಿನಷ್ಟು ವೇಗದ ಆ ಭಾರದ ಕಾರನ್ನು ಓಡಿಸುವವನು ನೀನು, ಸಜ್ಜು ಮಾಡುವವಳು ನಾನು. ಸ್ಪ್ರಿಂಗ್ ಮೆತ್ತಗಿನವು ಹಾಕಿದೆ. ಶಾಕ್ ಅಬ್ಸಾರ್ಬರಿಗೆ ತೆಳು ಎಣ್ಣೆ, ಗಾಲಿಗೆ ಉದ್ದ ಮುಳ್ಳಿನ ಟಾಯರು. ಹೊಟ್ಟೆಗೆ ಕೆಸರು ಮೆತ್ತದಿರಲೆಂದು ಕಾರನ್ನೇ ತುಸು ಎತ್ತರಿಸಿದೆ. ಅದೆಲ್ಲ ಸರಿಯಾಗಿಯೇ ಇತ್ತು. "ನಮ್ಮ ಸುಜಾತಾ ರೆಡಿ ಮಾಡಿದ್ ಗಾಡಿ ಜಾರೂದಿಲ್ರಿ" ಎಂದು ನೀನು ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನಗೂ ಸೊಕ್ಕು ಬಂದಿತ್ತು, ಸುಳ್ಳೇಕೆ.

ಅಲ್ಲಿಗೆ ಹೋದ ಮೇಲೆ ರಿಸೀವರಿಗೆ ನೀರು ಇಳಿದು ಕೆಟ್ಟಿತು — ರಿಮೋಟಿನ ಹುಕುಂ ಕಾರಿಗೆ ಮುಟ್ಟಿಸುವ ಆ ಪುಟ್ಟ ಡಬ್ಬಿ. ಹೊಸದನ್ನು ಜೋಡಿಸಿದೆ. ಮಳೆಗಾಲದಲ್ಲಿ ನಾವು ಮಾಡುವಂತೆ ಅದನ್ನು ಫುಗ್ಗಾದೊಳಗೆ, ಮಕ್ಕಳು ಊದುವ ಬಲೂನಿನೊಳಗೆ, ತೂರಿಸಿ ಬಾಯಿಗೆ ದಾರ ಬಿಗಿದೆ. ಆಂಟೆನಾ ತಂತಿ ಮಾತ್ರ ಹೊರಗೆ, ಮೇಲಕ್ಕೆ ನಿಲ್ಲಬೇಕು. ಅದರ ಗುಂಟ ನೀರು ಇಳಿದೀತೆಂದು ನಾನು ತಂತಿಯನ್ನೂ ಸುತ್ತಿ ಒಳಗೇ ಮಡಚಿದೆ. ಸಿಗ್ನಲ್ ತಪ್ಪಲು ಅಷ್ಟೇ ಸಾಕಾಗಿತ್ತು.

ಇನ್ನೊಂದಿದೆ. ಹೊಸ ರಿಸೀವರಿಗೆ ರಿಮೋಟಿನ ಗುರುತು ಹಿಡಿಸುವಾಗ ಕಾರು ಓಡಿಸುವ ಟ್ರಿಗರ್ ಹೇಗಿರುತ್ತದೋ ಅದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಸಿಗ್ನಲ್ ತಪ್ಪಿದರೆ ಹಾಗೆಯೇ ನಡೆಯುತ್ತದೆ. ಟ್ರಿಗರ್ ಬಿಟ್ಟಿದ್ದರೆ ಕಾರು ನಿಲ್ಲುತ್ತದೆ. ಒತ್ತಿದ್ದರೆ — ನನ್ನ ಎರಡೂ ಕೈಯಲ್ಲಿ ಫುಗ್ಗಾ, ದಾರ. ರಿಮೋಟ್ ಕಂಕುಳಲ್ಲಿ. ಓಢಣಿಯ ಮಡಿಕೆಯಲ್ಲಿ ಸಿಕ್ಕಿ ಟ್ರಿಗರ್ ಪೂರ್ತಿ ಒತ್ತಿಕೊಂಡಿತ್ತು. ಮೋಟರಿನ ತಂತಿ ಇನ್ನೂ ಜೋಡಿಸಿರಲಿಲ್ಲವಾದ್ದರಿಂದ ಚಕ್ರ ತಿರುಗಲಿಲ್ಲ, ನಾನು ನೋಡಲಿಲ್ಲ.

ಆದರೂ ನೋಡಿಕೊಳ್ಳಲು ಒಂದು ಪದ್ಧತಿ ಇತ್ತಲ್ಲ? ಕಾರು ಎತ್ತಿ ಹಿಡಿದು, ರಿಮೋಟ್ ಬಂದ್ ಮಾಡಿ, ಚಕ್ರ ನಿಲ್ಲುತ್ತವೆಯೇ ಎಂದು ನೋಡುವುದು. ನೀನು ಕೇಳಿದೆ ಕೂಡ.

"ರಿಮೋಟ್ ಬಂದ್ ಮಾಡಿ ನೋಡೀಯೇನ?"

"ನೋಡೇನಿ. ನೀ ಹೋಗಣ್ಣಾ, ನಿನ್ನ ಹೆಸರು ಕರ್ಯಾಕತ್ತಾರ."

ನೋಡಿರಲಿಲ್ಲ. ಆ ಒಂದು ಮಾತು.

ದೂರದ ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. ಪೈಪು ಹಾರಿ ನೇರ ವೈನಿಯ ಕಡೆಗೆ — ಅವರು ಛತ್ರಿ ಹಿಡಿದು ನಗುತ್ತ ನಿಂತಿದ್ದರು, ತಮ್ಮ ಕಡೆಗೇ ಬರುತ್ತಿದೆ ಎಂದು ಅವರಿಗೆ ಹೊಳೆದಿರಲಿಲ್ಲ. ಆ ಮೋಟರಿನ ಕೀರಲು ದನಿ ಈಗಲೂ ಕೇಳುತ್ತದೆ, ಮಿಕ್ಸರ್ ಹಚ್ಚಿದರೂ ಬೆಚ್ಚಿಬೀಳುತ್ತೇನೆ.

"ಟ್ರಿಗರ್ ಬಿಡಣ್ಣಾ!" ಎಂದು ಚೀರಿದೆ ನಾನು.

"ಬಿಟ್ಟೇನಿ! ಬಿಟ್ಟೇನಿ!" ಎಂದೆ ನೀನು.

ನೀನು ನಿಜ ಹೇಳಿದ್ದೆ ಅಣ್ಣಾ. ಆದರೆ ಅಲ್ಲಿದ್ದವರಿಗೆಲ್ಲ ನನ್ನ ಚೀರಾಟವೇ ಕಿವಿಯಲ್ಲಿ ಉಳಿಯಿತು. ಗಾಬರಿಯಲ್ಲಿ ಕೈ ಬಿಗಿದುಕೊಂಡಿತು, ಪಾಪ, ಎಂದರು. ಮಿರಜಿನ ಆಸ್ಪತ್ರೆಯಲ್ಲಿ ವೈನಿಯ ಕಾಲಿಗೆ ರಾಡ್ ಹಾಕುವ ಹೊತ್ತಿಗೆ ನೀನೂ ಅದನ್ನೇ ಹೇಳತೊಡಗಿದ್ದೆ. "ನಾ ಬಿಟ್ಟೇನಿ ಅನ್ಕೊಂಡೆ. ಬಿಟ್ಟಿರಲಿಕ್ಕಿಲ್ಲ."

ಅಂದು ಸಂಜೆ ಮನೆಗೆ ಬಂದು ಕಾರಿನ ಕೆಸರು ತೊಳೆದೆ. ಕಾರನ್ನು ಸ್ಟ್ಯಾಂಡಿಗೆ ಏರಿಸಿ ರಿಮೋಟ್ ಬಂದ್ ಮಾಡಿದೆ. ನಾಲ್ಕೂ ಚಕ್ರ ಗಿರ್ರನೆ ತಿರುಗಿದವು. ಬ್ಯಾಟರಿ ಕಿತ್ತು, ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದೆ. ಅತ್ತಿಗೆಯ ಕಾಲು ಮುರಿದವಳೆಂದು ಊರೆಲ್ಲ ಅಂದೀತು, ನೀನು ನನ್ನ ಮುಖ ನೋಡಲಿಕ್ಕಿಲ್ಲ — ಬರೀ ಹೆದರಿಕೆ ಅಣ್ಣಾ, ಬೇರೆ ಏನೂ ಇಲ್ಲ.

ಅಂದಿನಿಂದ ನೀನು ಟ್ರ್ಯಾಕ್ಟರ್ ಮುಟ್ಟಿಲ್ಲ. ಬೈಕಿನ ಚಾವಿ ಮೊಳೆಗೆ ತೂಗುಬಿದ್ದಿದೆ. ವೈನಿ ಬಸದಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಪ್ರತಿ ವರ್ಷ ಕ್ಷಮಾವಣಿಯ ದಿನ, ಊರವರೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವಾಗ, ನೀನು ಮೊದಲು ಆ ಕುರ್ಚಿಯ ಮುಂದೆ ಹೋಗಿ ನಿಲ್ಲುತ್ತೀ. "ಬಿಡ್ರಿ, ನೀವೇನ್ ಬೇಕಂತ ಮಾಡೀರೇನು?" ಎನ್ನುತ್ತಾರೆ ಅವರು. ಆಮೇಲೆ ನೀನು ನನ್ನ ಹತ್ತಿರ ಬಂದು ಕೈಮುಗಿಯುತ್ತೀ. ನೀನು — ನನಗೆ! ನಾನೂ ಮುಗಿಯುತ್ತೇನೆ. "ತಿಳಿದೋ ತಿಳಿಯದೆಯೋ ಏನಾರ ತಪ್ಪಾಗಿದ್ರ ಕ್ಷಮಾ ಮಾಡಣ್ಣಾ." ತಿಳಿದೋ, ತಿಳಿಯದೆಯೋ! ಆ ಮಾತಿನ ಹಿಂದೆ ಎಷ್ಟು ಚೆನ್ನಾಗಿ ಅಡಗಿಕೊಂಡೆ ನಾನು.

ಇನ್ನೂ ಅಡಗಿರುತ್ತಿದ್ದೆನೇನೋ. ಆದರೆ ಮೊನ್ನೆ ಬಸದಿಯ ಒದ್ದೆ ಮೆಟ್ಟಿಲ ಮೇಲೆ ಪದ್ಮಾ ಜಾರಿದಳು. ನಿನ್ನ ಮಗಳು, ನಿನ್ನ ಪಕ್ಕದಲ್ಲೇ. ನಿನ್ನ ಕೈ ಮುಂದೆ ಬಂತು — ಅರ್ಧಕ್ಕೇ ನಿಂತಿತು. ಮಗು ಬೀಳುತ್ತಿದ್ದರೆ ನೀನು ನಿನ್ನ ಕೈಯನ್ನೇ ನೋಡುತ್ತಿದ್ದೆ. ಕುಂಟುತ್ತ ಓಡಿ ಬಂದು ಹಿಡಿದವರು ವೈನಿ. ಅಷ್ಟು ಹೆದರಿಕೆ ನನಗೆ ಆ ಟ್ರ್ಯಾಕಿನಲ್ಲೂ ಆಗಿರಲಿಲ್ಲ.

ಇವತ್ತು ಗೋಣಿ ಇಳಿಸಿದೆ. ಹೊಸ ಬ್ಯಾಟರಿ ಹಾಕಿ, ರಿಮೋಟ್ ಬಂದ್ ಮಾಡಿ ನೋಡಿದೆ. ಅದು ಏನೂ ಮರೆತಿಲ್ಲ.

ನಾಳೆ ಕ್ಷಮಾವಣಿ. ನೀನು ಕೈಮುಗಿಯುವ ಮೊದಲೇ ಕಾರನ್ನು ಸ್ಟ್ಯಾಂಡಿಗೆ ಏರಿಸಿ ನಿಮ್ಮಿಬ್ಬರ ಮುಂದೆ ಇಡುತ್ತೇನೆ. ರಿಮೋಟ್ ನಿನ್ನ ಕೈಗೆ ಕೊಡುತ್ತೇನೆ. ಕ್ಷಮೆ ಆಮೇಲೆ ಕೇಳುತ್ತೇನೆ, ಕೊಡದಿದ್ದರೆ ಬೇಡ. ಮೊದಲು ಇಷ್ಟು ಮಾಡು — ರಿಮೋಟ್ ಬಂದ್ ಮಾಡಿ ಕೆಳಗಿಡು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಚಕ್ರ ನೋಡಣ್ಣಾ.