ಭಾವ ಮತ್ತು ನೆಲದಡಿಯ ಗ್ಯಾಸು

ನನ್ನ ಅಕ್ಕನ ಗಂಡ ಗಲ್ಫಿನ ಒಂದು ತೈಲ ಕಂಪನಿಯಲ್ಲಿ ಬಹಳ ವರ್ಷ ಸ್ಟೋರು ನೋಡಿಕೊಂಡಿದ್ದವರು. ೨೦೧೫ರ ಹೊತ್ತಿಗೆ ಎಣ್ಣೆಯ ಬೆಲೆ ಬಿದ್ದಾಗ ಕಂಪನಿ ಅವರನ್ನು ಊರಿಗೆ ಕಳಿಸಿತು. ಬೆಲೆ ಬೀಳಲು ಒಂದು ದೊಡ್ಡ ಕಾರಣ, ಅಮೆರಿಕದವರು ಶೇಲ್ ಎಂಬ ಕಲ್ಲಿನ ಪದರವನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ, ಗ್ಯಾಸು ತೆಗೆಯತೊಡಗಿದ್ದು. ತಮ್ಮ ಕೆಲಸ ಕಳೆದ ಆ ಕೊರೆತವನ್ನೇ ಭಾವ ಕಾಸರಗೋಡಿನ ಹತ್ತಿರದ ನೆಕ್ರಾಜೆಯ ಮನೆಯ ಜಗಲಿಯಲ್ಲಿ ಕೂತು ಹಾಡಿ ಹೊಗಳುತ್ತಿದ್ದರು.

"ಬೇರೆ ದೇಶದವರು ಯಾಕೆ ಕೊರೆಯುವುದಿಲ್ಲ ಗೊತ್ತುಂಟಾ ಮಾರಾಯ? ಧೈರ್ಯ ಇಲ್ಲ. ಫ್ರಾನ್ಸಿನವರು ಕಾನೂನು ಮಾಡಿ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಅಜ್ಜಿಯಂದಿರು ಲಾರಿಗೆ ಅಡ್ಡ ಕೂರುವುದಂತೆ. ಹೇಡಿಗಳು!"

ನಾನು ಕಾಸರಗೋಡಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಸುಮ್ಮನಿರಲಾಗಲಿಲ್ಲ.

"ಧೈರ್ಯದ ಮಾತಲ್ಲ ಭಾವ. ಅಮೆರಿಕದಲ್ಲಿ ಜಾಗದವನಿಗೆ ಹೆಚ್ಚಾಗಿ ಅಡಿಯ ಗ್ಯಾಸಿನಲ್ಲೂ ಪಾಲು ಉಂಟು. ಯುರೋಪಿನಲ್ಲಿ ಅದು ಸರಕಾರದ್ದು. ಊರವರಿಗೆ ಸಿಗುವುದು ಲಾರಿಯ ಧೂಳು. ಪೋಲೆಂಡಿನವರು ಕೊರೆದೂ ನೋಡಿದರು, ಅಲ್ಲಿಯ ಕಲ್ಲೇ ಸರಿ ಇರಲಿಲ್ಲ."

"ನೀನು ಪುಸ್ತಕ ಓದಿದವ. ನಾನು ಅಲ್ಲಿ ಇದ್ದವ" ಎಂದರು. ಅಲ್ಲಿ ಎಂದರೆ ಸ್ಟೋರಿನ ಎಸಿ ಕೋಣೆ. ಎಣ್ಣೆಬಾವಿ ಕೊರೆಯುವ ರಿಗ್ಗನ್ನು ಅವರು ಹತ್ತಿರದಿಂದ ಕಂಡದ್ದೇ ಇಲ್ಲ ಎಂದು ಅಕ್ಕನೇ ನನಗೆ ಹೇಳಿದ್ದಳು.

ಎರಡು ವರ್ಷದ ಮೇಲೆ ಸರ್ವೆಯವರು ಬಂದು ಭಾವನ ಜಾಗದಲ್ಲಿ ಗೂಟ ಹೊಡೆದರು. ಗ್ಯಾಸಿನ ಪೈಪು ಹೋಗಲಿಕ್ಕಿತ್ತು.

"ಜಾಗ ನಿಮ್ಮದೇ ಸಾರ್. ಅಡಿಯಲ್ಲಿ ಪೈಪು ಮಾತ್ರ. ಅದರ ಮೇಲೆ ಮನೆ ಕಟ್ಟಲಿಕ್ಕಿಲ್ಲ, ಮರ ನೆಡಲಿಕ್ಕಿಲ್ಲ" ಎಂದರಂತೆ ಅಧಿಕಾರಿ.

ಮರುದಿನ ನಾನು ಹೋದಾಗ ಭಾವ ಗೇಟಿನ ಹೊರಗೆ, ಸರ್ವೆಯವರ ಜೀಪಿಗೆ ಅಡ್ಡವಾಗಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ತಲೆಯ ಮೇಲೆ ಅಕ್ಕನ ಹೂವಿನ ಕೊಡೆ.

"ಇಂಗ್ಲೆಂಡಿನ ಅಜ್ಜಿಯಂದಿರ ಹಾಗೆ ಕೂತಿದ್ದೀರಲ್ಲ ಭಾವ."

"ಅದು ಬೇರೆ, ಇದು ಬೇರೆ. ನೀನು ಮಲಯಾಳದಲ್ಲಿ ಒಂದು ಅರ್ಜಿ ಬರೆದು ಕೊಡು."

ಮನಸ್ಸಿನಲ್ಲೇ ಉಗಿದೆ. ಆದರೆ ಅರ್ಜಿ ಬರೆದೆ, ಚೆನ್ನಾಗಿಯೇ ಬರೆದೆ. ಗುರುತಿನ ಪುಢಾರಿಯೊಬ್ಬನನ್ನು ಜೊತೆಗೆ ಕಟ್ಟಿಕೊಂಡು ಭಾವ ಅದನ್ನು ವಿಲ್ಲೇಜ್ ಆಫೀಸಿಗೂ ಕಾಸರಗೋಡಿಗೂ ಒಯ್ದರು. ತಿಂಗಳೊಳಗೆ ಗೂಟಗಳು ಸರಿದವು.

ಸರಿದದ್ದು ಪಕ್ಕದ ಜಾಗಕ್ಕೆ. ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದ ಹೆಂಗಸಿನ ಜಾಗ. ಅವಳ ಗೇರುಮರಗಳನ್ನೆಲ್ಲ ಕಡಿದರು. ಭಾವ ಜಗಲಿಯಿಂದಲೇ ನೋಡಿದರು. ಅಭಿವೃದ್ಧಿ ಎಂದ ಮೇಲೆ ಯಾರಾದರೂ ಸ್ವಲ್ಪ ತ್ಯಾಗ ಮಾಡಬೇಕು ಎಂದು ನನಗೆ ಉಪದೇಶವನ್ನೂ ಮಾಡಿದರು. ಇಂಥವರಿಗೆ ನಾಚಿಕೆ ಎಲ್ಲಿಂದ ಬರಬೇಕು?

ಬಸ್ ಸ್ಟಾಪಿನಲ್ಲಿ ಆ ಹೆಂಗಸು ನನ್ನನ್ನು ತಡೆದಳು.

"ಭಾವನವರ ಅರ್ಜಿ ಬರೆದದ್ದು ನೀವಂತೆ. ಒಳ್ಳೆ ಬರೆದಿದ್ದೀರಿ ಅಂತ ವಿಲ್ಲೇಜ್ ಆಫೀಸಿನಲ್ಲಿ ಹೇಳಿದರು. ನನಗೂ ಒಂದು ಬರೆಯಬಹುದಿತ್ತಲ್ಲ ಮಾಷ್ಟ್ರೇ?"

ಭಾವನನ್ನು ಇಷ್ಟು ದಿನ ಯಾವ ಕಣ್ಣಿನಿಂದ ನೋಡಿದ್ದೆನೋ, ಅವಳು ನನ್ನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದಳು. ನಿಂತಲ್ಲೇ ಚೀಲದಿಂದ ಕಾಗದ ತೆಗೆದು, ಕಡಿದ ಮರಗಳಿಗೆ ಪರಿಹಾರ ಕೇಳಿ ಅರ್ಜಿ ಬರೆದೆ. ಅವಳು ಓದಿಸಿ ಕೇಳಿ, ಮಡಚಿ, ಬಸ್ಸು ಹತ್ತಿದಳು. ಪರಿಹಾರ ಬಂತು, ಬಹಳ ತಡವಾಗಿ. ಮರಗಳನ್ನು ಮಾತ್ರ ಆ ಜಾಗದಲ್ಲಿ ಮತ್ತೆ ನೆಡುವಂತಿರಲಿಲ್ಲ.