ಚೈನು ಬಿಚ್ಚದ ಭಾವ

ನಮ್ಮ ಭಾವನವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಜೀಪಿನ ಚಕ್ರಕ್ಕೆ ಚೈನು ಬಿಗಿಯುವಾಗ ಕೊಂಡಿ ಜಾರಿ ಉಗುರನ್ನು ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ಡಬ್ಬಿಯ ಸುಣ್ಣ ತೆಗೆದು ಎಲೆಗೆ ಸವರುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರ ಮುಖಕ್ಕಿಂತ ಹೆಚ್ಚಾಗಿ ನೋಡಿದ್ದು ಆ ಬೆರಳನ್ನೇ. ಗಂಡನ ಅಣ್ಣನ ಎದುರು ತಲೆಯೆತ್ತುವುದು, ನೇರವಾಗಿ ಮಾತಾಡುವುದು ನಮ್ಮ ಮನೆಗಳಲ್ಲಿ ಇರಲಿಲ್ಲ. ಅವರು ಬಂದರೆ ನಾನು ಸೆರಗೆಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ. ‘ಒಂದ್ ಚೊಂಬು ನೀರ್ ಕೊಡಾಕೆ ಹೇಳ್ರಪ್ಪ’ ಎಂದು ಅವರು ಗೋಡೆಗೆ ಹೇಳುತ್ತಿದ್ದರು. ಗೋಡೆಯ ಪರವಾಗಿ ನಾನು ಚೊಂಬನ್ನು ಹೊಸಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ.

ಅವರು ನನ್ನ ಗಂಡನ ದೊಡ್ಡಪ್ಪನ ಮಗ. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು. ಯುದ್ಧ ಮುಗಿದು ಹಳೇ ಜೀಪುಗಳನ್ನು ಹರಾಜು ಹಾಕಿದಾಗ ಒಂದನ್ನು ಹಿಡಿದು, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಿಕೊಂಡು ಬಂದಿದ್ದರು. ಬೇಲೂರಿನಿಂದ ಬಿಕ್ಕೋಡು, ಅರೇಹಳ್ಳಿ ಕಡೆಗೆ ಬಾಡಿಗೆಗೆ ಓಡಿಸುತ್ತಿದ್ದರು. ನಮ್ಮೂರು ಬಿಕ್ಕೋಡಿನಿಂದ ಒಳಕ್ಕೆ. ಮಳೆ ಹಿಡಿದರೆ ಎತ್ತಿನ ಗಾಡಿಯೇ ಅಚ್ಚಿನವರೆಗೆ ಹೂತುಕೊಳ್ಳುವ ಕೆಂಪು ಕೆಸರು. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಕೆಸರು ಯಾವ ಲೆಕ್ಕ ಎಂದು ಊರವರ ಹೆಮ್ಮೆ. ಭಾವ ಮಾತ್ರ, ‘ನಾಕೂ ಎಳೀತವೆ, ಸರಿ ಕಣ್ಲಾ. ನಾಕೂ ಒಂದೇ ಸಲ ಜಾರಿದ್ರೆ ಯಾರ್ ಎಳೀತಾರೆ, ನಿಮ್ಮಪ್ಪನಾ?’ ಎನ್ನುತ್ತಿದ್ದರು.

ಅದಕ್ಕೇ ಚೈನು. ಹುರಿಯಿಂದ ಟೈರಿನ ಸುತ್ತಳತೆ ತೆಗೆದುಕೊಂಡು ಅರಸೀಕೆರೆಯ ಗುಜರಿ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯವನು ಲಾರಿಯದೊಂದು ದಪ್ಪ ಚೈನು ತೋರಿಸಿ, ಇದು ಗಟ್ಟಿ, ಇದನ್ನೇ ಒಯ್ಯಿರಿ ಎಂದನಂತೆ. ಇವರು ಒಪ್ಪಲಿಲ್ಲ. ದೊಗಳೆ ಚೈನು ತಿರುಗುವಾಗ ಬಡಿದು ಬಡಿದು ಗಾಡಿಯ ಹೊಟ್ಟೆಯನ್ನೇ ಹರಿಯುತ್ತದೆ, ಚಿಕ್ಕದಾದರೆ ಕೊಂಡಿ ಕೂಡುವುದಿಲ್ಲ. ರಾಶಿಯನ್ನೆಲ್ಲ ಕೆದಕಿ, ಅಳತೆಗೆ ಸರಿಯಾದ ಒಂದು ಜೊತೆ ಹೊತ್ತು ತಂದರು. ಮಳೆಗಾಲದಲ್ಲಿ ಅದನ್ನು ಅಂಗಳದಲ್ಲಿ ಹಾಸಿ, ಸಿಕ್ಕು ಬಿಡಿಸಿ, ಕೊಂಡಿಗಳ ಮೊನೆ ಟೈರಿಗೆ ಚುಚ್ಚದಂತೆ ಹೊರಮುಖ ಮಾಡಿ ಹಿಂದಿನ ಚಕ್ರಗಳಿಗೆ ಹೊದಿಸುತ್ತಿದ್ದರು. ಬಿಗಿದ ಮೇಲೂ ನಂಬಿಕೆಯಿಲ್ಲ. ಊರ ಬಾಗಿಲ ಹುಣಸೆಮರದ ತನಕ ಹೋಗಿ, ಇಳಿದು, ಇನ್ನೊಮ್ಮೆ ಬಿಗಿಯಬೇಕು. ‘ಜೀಪಿಗೆ ಕಾಲುಂಗುರ ತೊಡಿಸ್ತಾವ್ರೆ, ಧಾರೆ ಯಾವಾಗ?’ ಎಂದು ನೀರಿಗೆ ಹೋಗುವ ಹೆಂಗಸರು ಕೇಳಿದರೆ ಇನ್ನೂ ಮದುವೆಯಾಗದ ಭಾವನ ಕಿವಿ ಕೆಂಪಾಗುತ್ತಿತ್ತು.

ಅಂಥದೇ ಒಂದು ಮಳೆಗಾಲದಲ್ಲಿ ನನಗೆ ಮೊದಲ ಹೆರಿಗೆ. ತವರಿಗೆ ಕರೆದುಕೊಂಡು ಹೋಗುವ ಮೊದಲೇ ನೋವು ಹಿಡಿಯಿತು. ಹಿಂದಿನ ದಿನ ಶುರುವಾದದ್ದು ಮಾರನೆಯ ಮಧ್ಯಾಹ್ನವಾದರೂ ಮುಗಿಯಲಿಲ್ಲ. ಹೆರುವ ಹೆಂಗಸಿನ ಸುತ್ತ ಬಿಗಿದದ್ದು, ಕಟ್ಟಿದ್ದು ಏನೂ ಇರಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ನನ್ನ ಜಡೆ ಬಿಚ್ಚಿದರು, ಪೆಟ್ಟಿಗೆಗಳ ಬೀಗ ತೆಗೆದರು, ಕೊಟ್ಟಿಗೆಯ ಹಗ್ಗಗಳನ್ನೂ ಬಿಚ್ಚಿಸಿದರು. ದನಗಳು ಪಕ್ಕದವರ ಹಿತ್ತಲು ಮೇಯ್ದವು, ಮಗು ಮಾತ್ರ ಅಲುಗಲಿಲ್ಲ. ಕೊನೆಗೆ ಸೂಲಗಿತ್ತಿಯೇ, ‘ನನ್ ಕೈಲಿ ಆಗಾಕಿಲ್ಲ ಕಣ್ರವ್ವ, ಬೇಲೂರಾಸ್ಪತ್ರೆಗೆ ಒಯ್ರಿ’ ಎಂದಳು.

ಭಾವ ಜೀಪು ತಂದು ನಿಲ್ಲಿಸಿದರು. ಚಕ್ರ ನೋಡಿದ್ದೇ ಅತ್ತೆ ಕಿರುಚಿದರು.

‘ಮೊದ್ಲು ಅದನ್ನ ಬಿಚ್ಚೋ! ಹೆರೋ ಹೆಣ್ಣನ್ನ ಸರಪಣಿ ಬಿಗಿದಿರೋ ಗಾಡೀಲಿ ಕೂರುಸ್ತೀಯಾ?’

‘ಚಿಕ್ಕವ್ವ, ಇದನ್ ಬಿಚ್ಚಿದ್ರೆ ಹಳ್ಳದ ದಿಬ್ಬ ಹತ್ತಾಕಿಲ್ಲ. ಬೇರೆ ಏನ್ ಬೇಕಾದ್ರೂ ಬಿಚ್ತೀನಿ.’

ಹಾಗೆಂದವರು ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿದರು, ಬೆಲ್ಟು ಕಿತ್ತೆಸೆದರು, ಬೂಟಿನ ದಾರ ಸಡಿಲಿಸಿದರು, ಸಾಮಾನಿನ ಪೆಟ್ಟಿಗೆಯ ಮುಚ್ಚಳವನ್ನೂ ತೆರೆದಿಟ್ಟರು. ಬೇರೆ ದಿನವಾಗಿದ್ದರೆ ಊರೇ ನಗುತ್ತಿತ್ತು. ಚೈನು ಮಾತ್ರ ಬಿಚ್ಚಲಿಲ್ಲ. ನಾನು ಹಿಂದೆ ಹುಲ್ಲಿನ ಮೇಲೆ ಅತ್ತೆಯ ತೊಡೆಗೆ ತಲೆಕೊಟ್ಟು ಮಲಗಿದ್ದೆ. ಕೆಳಗೆ ಚೈನು ಗಲಗಲ ಎನ್ನುತ್ತಿತ್ತು, ಮೇಲೆ ಅತ್ತೆ ಶಾಪ ಹಾಕುತ್ತಿದ್ದರು. ದಿಬ್ಬದಲ್ಲಿ ಜೀಪು ಒಮ್ಮೆ ಹಿಂದಕ್ಕೆ ಜಾರಿತು. ಸತ್ತೆವೆಂದುಕೊಂಡೆ. ಅಷ್ಟರಲ್ಲಿ ಚೈನು ನೆಲ ಕಚ್ಚಿತು, ಗಾಡಿ ಮೇಲೇರಿತು.

ಆಸ್ಪತ್ರೆಯಲ್ಲಿ ಮಗು ಸತ್ತೇ ಹುಟ್ಟಿತು. ಗಂಡುಮಗು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರು. ಆ ಮಾತು ಆಸ್ಪತ್ರೆಯ ಬಾಗಿಲು ದಾಟಲಿಲ್ಲ. ದಾಟಿದ್ದು ಅತ್ತೆಯ ಮಾತು. ‘ಕೂಸನ್ನ ಚೈನಲ್ಲಿ ಬಿಗಿದು ಕೊಂದ.’

ಅತ್ತೆ ಕೆಟ್ಟವರಲ್ಲ. ಮೊಮ್ಮಗನನ್ನು ಮಣ್ಣು ಮಾಡಿ ಬಂದ ಜೀವಕ್ಕೆ ಯಾರನ್ನಾದರೂ ಬೈಯಬೇಕಿತ್ತು. ಆದರೂ ಕೂಸು ಸತ್ತದ್ದನ್ನು ಆಡಿಕೊಂಡವರಲ್ಲಿ ಒಬ್ಬರಾದರೂ ಸೊಸೆ ಉಳಿದಳಲ್ಲ ಎನ್ನಲಿಲ್ಲ. ಎಳೇ ಬಾಣಂತಿ, ನಾನು ಯಾರಿಗೆ ಹೇಳಲಿ? ಗಂಡನಿಗೆ ಹೇಳಿದರೆ, ‘ಅವ್ವ ನೊಂದವ್ಳೆ, ಸುಮ್ಕಿರು’ ಎಂದರು.

ಕೂಸು ಕೊಂದವನೆಂಬ ಮಾತು ಭಾವನನ್ನು ಎಲ್ಲಿ ಹೋದರೂ ಬಿಡಲಿಲ್ಲ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಅವರನ್ನು ಕರೆಯುವುದು ನಿಂತಿತು. ಹಳೇಬೀಡಿನ ಕಡೆ ಒಂದು ಹೆಣ್ಣು ಗೊತ್ತಾಗಿತ್ತು. ಅವನ ಕೈ ಹಿಡಿದವಳ ಬಸಿರು ನಿಲ್ಲುತ್ತದೆಯೇ ಎಂದು ಹೆಣ್ಣಿನ ಕಡೆಯವರೂ ಹಿಂದೆಗೆದರು. ಮೊದಮೊದಲು ಭಾವ, ‘ಕಬ್ಬಿಣಕ್ಕೇನ್ ಗೊತ್ತು ಕೂಸಿನ ಸುದ್ದಿ’ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಆಮೇಲೆ ಅದೂ ನಿಂತಿತು. ಮಳೆಗಾಲದಲ್ಲೂ ಚೈನನ್ನು ಗೋಣಿಚೀಲದಲ್ಲಿ ಕಟ್ಟಿಟ್ಟು, ಜನರನ್ನು ದಿಬ್ಬದ ಬುಡದಲ್ಲೇ ಇಳಿಸಿ, ನಡೆದು ಹೋಗಿ ಎನ್ನತೊಡಗಿದರು.

ಕೆಲವು ಮಳೆಗಾಲ ಕಳೆದ ಮೇಲೆ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಅವಳಿಗೂ ನನ್ನದೇ ಗತಿ. ಹೊರಗೆ ಅದೇ ಮಳೆ. ಅತ್ತೆಗೆ ಬೇರೆ ದಾರಿಯಿರಲಿಲ್ಲ, ಭಾವನಿಗೆ ಹೇಳಿಕಳಿಸಿದರು.

ಭಾವ ಬಂದರು. ಚಕ್ರಗಳು ಬೋಳಾಗಿದ್ದವು. ಚೈನಿನ ಚೀಲ ಸೀಟಿನ ಕೆಳಗಿತ್ತು. ‘ಬಿಚ್ಚೇ ತಂದಿವ್ನಿ ಚಿಕ್ಕವ್ವ’ ಎಂದರು, ತಲೆ ತಗ್ಗಿಸಿಕೊಂಡು. ದಿಬ್ಬದ ಮಾತು ಅತ್ತೆಯೂ ಎತ್ತಲಿಲ್ಲ, ನನ್ನ ಗಂಡನೂ ಎತ್ತಲಿಲ್ಲ. ಅವರಿಬ್ಬರಿಗಿಂತ ಭಾವನ ಮುಖ ನೋಡಿ ನನಗೆ ಭಯವಾಯಿತು. ಆ ಮನುಷ್ಯ ಊರ ಮಾತನ್ನು ನಂಬಿಬಿಟ್ಟಿದ್ದರು.

ನಾನು ಹೊಸಲು ದಾಟಿ ಅಂಗಳಕ್ಕೆ ಇಳಿದೆ. ಸೆರಗು ಎಲ್ಲಿತ್ತೋ.

‘ಚೈನು ಕಟ್ಟಿ ಭಾವ’ ಎಂದೆ.

ನಾನು ಅವರೊಡನೆ ಆಡಿದ ಮೊದಲ ಮಾತು ಅದು. ಅತ್ತೆ, ‘ಏನೇ ಅದು, ಗಂಡಸ್ರ ಮುಂದೆ!’ ಎಂದು ಗದರಿದರು. ನಾನು ನಿಲ್ಲಿಸಲಿಲ್ಲ.

‘ಅವತ್ತು ನೀವು ಚೈನು ಬಿಚ್ಚಿದ್ದಿದ್ರೆ ಆ ಕೂಸಿನ ಜೊತೆ ನನ್ನೂ ಮಣ್ಣು ಮಾಡ್ತಿದ್ರು. ಡಾಕ್ಟ್ರೇ ಹೇಳವ್ರೆ, ನಿಮ್ಮ ತಮ್ಮನ್ನೇ ಕೇಳಿ. ನಾನು ಬದುಕಿವ್ನಿ, ನೋಡಿ ಭಾವ. ಕಟ್ಟಿ.’

ಅವರು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು.

‘ಎಲ್ರೂ ಸತ್ತ ಕೂಸಿನ ಮಾತೇ ಆಡಿದ್ರು ಕಣ್ ತಾಯಿ’ ಎಂದರು. ‘ನೀವು ಬದುಕಿದ್ದು ನಂಗೂ ಮರ್ತೇ ಹೋಗಿತ್ತು.’

ಆಮೇಲೆ ಚೀಲ ಬಿಚ್ಚಿ ಕೆಸರಿನಲ್ಲೇ ಕೂತರು. ಒಂದು ತುದಿ ನಾನು ಹಿಡಿದುಕೊಂಡೆ, ಇನ್ನೊಂದನ್ನು ಅವರು ಚಕ್ರಕ್ಕೆ ಹೊದಿಸಿದರು. ಅತ್ತೆ ಅಳುತ್ತಾ ನಿಂತಿದ್ದರು, ಬೇಡ ಎನ್ನಲಿಲ್ಲ.

ನಾದಿನಿ ಉಳಿದಳು, ಅವಳ ಮಗಳೂ ಉಳಿದಳು. ಅದು ತಾನು ಬೇಲೂರಿನ ದೇವರಿಗೆ ಹೊತ್ತ ಹರಕೆಯಿಂದ ಎಂದು ಅತ್ತೆ ಕೊನೆತನಕ ಹೇಳಿದರು. ಹೇಳಲಿ ಬಿಡಿ. ನಾನು ಮಾತ್ರ ಅಂದಿನಿಂದ ಭಾವನ ಜೊತೆ ಎದುರಿಗೆ ಕೂತೇ ಮಾತಾಡಿದೆ. ನನ್ನ ಮುಂದಿನ ಬಸಿರುಗಳಲ್ಲಿ ಆಸ್ಪತ್ರೆಗೆ ಹೋದದ್ದೂ ಅವರ ಜೀಪಿನಲ್ಲೇ. ಮುರಿದ ಮದುವೆ ಮಾತ್ರ ಮತ್ತೆ ಕೂಡಲಿಲ್ಲ. ಊರು ತನ್ನ ತಪ್ಪು ತಿದ್ದಿಕೊಳ್ಳುವ ಹೊತ್ತಿಗೆ ಅವರ ವಯಸ್ಸು ಮೀರಿತ್ತು.

ಬಹಳ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಭಾವ ತೀರಿಕೊಂಡರು. ಹೆಣ ಅಂಗಳದಲ್ಲಿತ್ತು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮುಂದೆ ಬೆಂಕಿಯ ಮಡಕೆ ಹಿಡಿಯುವವರು ಯಾರು ಎಂದು ಹಿರಿಯರು ಎಳೆದಾಡುತ್ತಿದ್ದರು. ಹೆಂಗಸರ ಗುಂಪಿನಲ್ಲಿ ಕೂತಿದ್ದ ನಾನು ಎದ್ದು, ಮೀಸೆ ಬಂದಿದ್ದ ನನ್ನ ದೊಡ್ಡ ಮಗನ ರಟ್ಟೆ ಹಿಡಿದು ಮುಂದಕ್ಕೆ ತಂದೆ.

‘ಹಿಡಿಯೋ ಮಡಕೆ’ ಎಂದೆ. ‘ಅವ್ರಿಲ್ದಿದ್ರೆ ನೀನು ಹುಟ್ಟಾಕೆ ನಾನೇ ಇರ್ತಿರಲಿಲ್ಲ ಕಣೋ.’