ಸ್ಪ್ರಿಂಗಿಲ್ಲದ ಲಾರಿ

ಬಸ್ಸು ಸೇತುವೆಗೆ ಬಂದೊಡನೆ ವನಜಾಕ್ಷಿ ಮೇಡಂ ಮಾತು ನಿಲ್ಲಿಸುತ್ತಿದ್ದರು. ಪಕ್ಕದಾಕೆ ಮಗಳ ಮದುವೆ ಸುದ್ದಿ ಹೇಳುತ್ತಿದ್ದರೂ ಅಷ್ಟೆ. ಪಾದಗಳನ್ನು ನೆಲಕ್ಕೂರಿ, ಕಣ್ಣು ಮುಚ್ಚಿ, ಅದುರುವುದನ್ನು ಗಮನಿಸುತ್ತಿದ್ದರು. ಸೇತುವೆ ದಾಟಿದ ಮೇಲೆ, “ಹ್ಞಾಂ, ಈಗ ಹೇಳ್ರಿ. ಹುಡುಗ ಏನ್ ಮಾಡ್ತಾನ?”

ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನನ್ನ ಗುರುಗಳು. ಆಮೇಲೆ ಅವರಲ್ಲೇ ಸಂಶೋಧನೆಗೆ ಸೇರಿದೆ. ಗಾಂಧಿನಗರದ ಅವರ ಮನೆಯ ಊಟದ ಮೇಜನ್ನು ಕಂಪ್ಯೂಟರೇ ಆಕ್ರಮಿಸಿತ್ತು. ಅದರಲ್ಲಿ ಸೇತುವೆ ಕಟ್ಟುವುದು, ಅದರ ಮೇಲೆ ಲಾರಿ ಓಡಿಸುವುದು, ಸೇತುವೆ ಎಷ್ಟು ಬಾಗಿತು, ಎಷ್ಟು ನಡುಗಿತು ಎಂದು ನೋಡುವುದು ಅವರ ಕೆಲಸ. “ನಿಂತ ಲಾರಿ ಬರೇ ಭಾರ. ಓಡೋ ಲಾರಿ ಅಂದ್ರ ಬ್ರಿಜ್ಜಿನ ಕೂಡ ಜಗಳಾ ತಗದಂಗ,” ಅನ್ನುತ್ತಿದ್ದರು.

ಸಿರುಗುಪ್ಪ–ಕುರುಗೋಡು ಕಡೆಯ ಒಂದು ಹಳ್ಳದ ಸೇತುವೆ ವಿಪರೀತ ಅಲ್ಲಾಡುತ್ತದೆಂದು ಊರವರು ದೂರಿದಾಗ ಪರೀಕ್ಷೆ ಮೇಡಂ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಊರ ಸಭೆಯಲ್ಲಿ, “ಏನೂ ಹೆದರಬ್ಯಾಡ್ರಿ, ಆರಾಮ ಓಡಾಡ್ರಿ,” ಅಂದುಬಿಟ್ಟರು.

ಅಂದ ಮೇಲೆ ಅವರಿಗೇ ಸಮಾಧಾನವಿಲ್ಲ. ಮರುದಿನವೇ ನಡುಕ ಅಳೆಯುವ ಉಪಕರಣ ಹೊತ್ತು ಹೋದೆವು. ನನ್ನನ್ನು ಸೇತುವೆಯ ಕೆಳಗೆ ಕೂರಿಸಿ, ತಾವು ಸೆರಗು ಸಿಕ್ಕಿಸಿ ಭತ್ತದ ಲಾರಿಯೊಂದನ್ನು ಹತ್ತಿದರು.

“ಅಮ್ಮಾರ, ಎತ್ತೆತ್ತಿ ಒಗಿತೈತ್ರಿ!” ಎಂದ ಡ್ರೈವರ್ ಬಾಷಾ.

“ಒಗೀಲಿ ಬಿಡಪಾ, ಅದನ್ನ ನೋಡಾಕ ಬಂದೀನಿ.”

ಸೇತುವೆ ಶುರುವಾಗುವಲ್ಲೇ ರಸ್ತೆ ಕುಸಿದು ತಗ್ಗಾಗಿತ್ತು. ಲಾರಿ ಅದರಲ್ಲಿ ಬಿದ್ದು, ಪುಟಿದು, ಸೇತುವೆಯುದ್ದಕ್ಕೂ ಕುಣಿಯುತ್ತ ಬಂತು. ಉಪಕರಣ ತೋರಿಸಿದ ನಡುಕ ನಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚಿತ್ತು. ಮೇಡಂ ವಾರೆಯಾದ ಕನ್ನಡಕದಲ್ಲೇ ಇಳಿದು ಓಡಿಬಂದರು.

“ತಪ್ಪಾತಲೋ! ಕಂಪ್ಯೂಟರಿನ್ಯಾಗ ನನ್ನ ಲಾರಿಗೆ ಸ್ಪ್ರಿಂಗೂ ಇಲ್ಲ, ರಸ್ತಾಕ್ಕ ತಗ್ಗೂ ಇಲ್ಲ. ಜಾರಿಕೋತ ಹೋಗೇತಿ ಅದು!”

“ವರದಿ ತಿದ್ದಿದ್ರ ಸಾಕಲ್ರಿ, ಮೇಡಂ?”

“ಊರ ಮುಂದ ಹೇಳೀನಿ. ಊರ ಮುಂದನ ತಿದ್ದಬೇಕು.”

ಅಂದೇ ಸಂಜೆ ಅದೇ ಜನರ ಎದುರು ನಿಂತು, ತಗ್ಗು ಮುಚ್ಚುವ ತನಕ ಭಾರದ ಗಾಡಿ ಬಿಡಬೇಡಿ ಎಂದರು. ಸುಗ್ಗಿಯ ಕಾಲ, ಸಭೆ ಸಿಡಿಯಿತು. “ನಿಮ್ಮ ಕಂಪ್ಯೂಟರ್ ದಿನಾ ಒಂದ್ ಮಾತು ಹೇಳತೈತೇನ್ರಿ?”

“ಕಂಪ್ಯೂಟರಿಂದೇನೂ ತಪ್ಪಿಲ್ರಿ. ನಾನು ಅದಕ್ಕ ಅರ್ಧಾ ಸುದ್ದಿ ಹೇಳಿದ್ದೆ.”

ಅವರ ಕಿವಿ ಕೆಂಪಾಗಿತ್ತು, ಆದರೆ ದನಿ ತಗ್ಗಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಆ ನಗು ಹಬ್ಬಿ ಸಭೆಯ ಬಿಸಿ ಇಳಿಯಿತು. ಕೆಲವೇ ದಿನಗಳಲ್ಲಿ ರಸ್ತೆ ಸಮವಾಯಿತು. ಮತ್ತೆ ಬಾಷಾನ ಲಾರಿ ಓಡಿಸಿ ನೋಡಿದರೆ ನಡುಕ ಇಳಿದಿತ್ತು. ಅಂದು ಊರವರ ಜೊತೆ ಕೂತು ಮಂಡಕ್ಕಿ ವಗ್ಗರಣಿ–ಮಿರ್ಚಿ ತಿಂದ ಮೇಡಂ ಮದುವೆಯ ಮನೆಯವರಂತೆ ಎಲ್ಲರಿಗೂ ಬಡಿಸಿದರು.

ಹೋದ ವರ್ಷ ನಾನು ಕೆಂಚನಗುಡ್ಡದ ಕಡೆ ಒಂದು ಸೇತುವೆಯ ಪರೀಕ್ಷೆಯಲ್ಲಿದ್ದಾಗ, ಮೇಡಂ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಉಪಕರಣ ಹಚ್ಚಿಯಾಗಿತ್ತು. ಸೇತುವೆಯ ಆಚೆ ತುದಿಯಲ್ಲಿ ಲಾರಿ ಗುರುಗುಡುತ್ತಿತ್ತು.

“ಸರ, ಬರ್ಲೇನ್ರೀ?” ಡ್ರೈವರ್ ಕೂಗಿದ.

ಫೋನನ್ನು ಜೇಬಿಗಿಟ್ಟೆ. ಕೈಯೆತ್ತಿ ಬಾ ಎಂದೆ.